ಕರೆಂಟ್ ಹೋದಾಗ ಒಡೆಯುತ್ತಿದ್ದ ಧ್ವನಿ: ದಾವಣಗೆರೆಯ ಧ್ವನಿಮುದ್ರಣ ಕೊಠಡಿಯೊಂದರ ಪ್ರಕರಣ ಅಧ್ಯಯನ

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯೊಂದರ ಮಹಡಿಯ ಮೇಲೆ ಸಣ್ಣದೊಂದು ಧ್ವನಿಮುದ್ರಣ ಕೊಠಡಿ ಇದೆ. ಆಟೋಗಳಲ್ಲಿ ಊರು ಸುತ್ತುವ ಪ್ರಚಾರದ ಮಾತುಗಳನ್ನು ಮುದ್ರಿಸಿಕೊಡುವುದು ಅದರ ಮುಖ್ಯ ಸಂಪಾದನೆ. ಚುನಾವಣೆ ಬಂದಾಗ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ, ಬಟ್ಟೆ ಅಂಗಡಿಗಳು ಹಬ್ಬದ ರಿಯಾಯಿತಿ ಸಾರುವಾಗ ಅಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಇದರ ಜೊತೆಗೆ ವಾರಕ್ಕೊಂದು ಸಂಜೆ ವಚನ ಗಾಯನದ ಕಾರ್ಯಕ್ರಮವನ್ನು ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಮಾಡುವ ಪರಿಪಾಠವೂ ಇದೆ. ಹಾಡುವವರು, ಹಾರ್ಮೋನಿಯಂ ಮತ್ತು ತಬಲಾ ಕೊಠಡಿಯಲ್ಲಿರುತ್ತಾರೆ. ವಚನಗಳ ಅರ್ಥ ವಿವರಿಸುವ ಅತಿಥಿ ಚಿತ್ರದುರ್ಗದ ತಮ್ಮ ಮನೆಯಿಂದಲೇ ಬ್ರೌಸರ್ ಮೂಲಕ ಸೇರಿಕೊಳ್ಳುತ್ತಾರೆ. ಇಷ್ಟಕ್ಕೂ ಇರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು 24.04, ಅದರ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆದು ಮೈಕುಗಳ ಧ್ವನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ನಾಲ್ಕು ಇನ್‌ಪುಟ್‌ಗಳ ಒಂದು ಆಡಿಯೊ ಇಂಟರ್‌ಫೇಸ್.

ನೇರ ಪ್ರಸಾರದ ಹೊತ್ತಿಗೆ ಆ ಲ್ಯಾಪ್‌ಟಾಪ್‌ನಲ್ಲಿ ಒಟ್ಟಿಗೆ ಓಡುವ ಆಡಿಯೊ ಅಪ್ಲಿಕೇಶನ್‌ಗಳು ಹೀಗಿವೆ: ಪ್ರತಿ ಮೈಕನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಮುದ್ರಿಸಿಕೊಳ್ಳುವ ಆರ್ಡೌರ್, ಪ್ರಸಾರಕ್ಕೆ ಒಬಿಎಸ್, ಅತಿಥಿಯ ಮಾತಿಗೆ ಬ್ರೌಸರ್, ಮೈಕಿನ ಹಿನ್ನೆಲೆಯ ಗದ್ದಲ ತಗ್ಗಿಸುವ ಒಂದು ಫಿಲ್ಟರ್, ಮತ್ತು ಶ್ರುತಿಗಾಗಿ ತಂಬೂರಿಯ ನಾದವನ್ನು ಎಡೆಬಿಡದೆ ನುಡಿಸುವ ಒಂದು ಸಾಫ್ಟ್‌ವೇರ್ ಸಿಂಥಸೈಸರ್. ಇವೆಲ್ಲವೂ ಪೈಪ್‌ವೈರ್ ಎಂಬ ಸೌಂಡ್ ಸರ್ವರ್ (ಅಪ್ಲಿಕೇಶನ್‌ಗಳ ಧ್ವನಿಯನ್ನೆಲ್ಲ ನಡುವೆ ನಿಂತು ಹಂಚುವ ಸಾಫ್ಟ್‌ವೇರ್) ಮೂಲಕವೇ ಇಂಟರ್‌ಫೇಸನ್ನು ಮುಟ್ಟುತ್ತವೆ.

ದೂರು ಸರಳವಾಗಿತ್ತು. ಕಾರ್ಯಕ್ರಮದ ನಡುವೆ ಕರೆಂಟ್ ಹೋದರೆ ಹೆಡ್‌ಫೋನಿನಲ್ಲಿ, ಪ್ರಸಾರದಲ್ಲಿ, ಮುದ್ರಿತ ಟ್ರ್ಯಾಕ್‌ಗಳಲ್ಲಿ, ಎಲ್ಲೆಡೆ ಚಟಚಟ ಸದ್ದು ಆರಂಭವಾಗುತ್ತಿತ್ತು, ಹಾಡು ತುಣುಕು ತುಣುಕಾಗಿ ಕೇಳುತ್ತಿತ್ತು. “ಕರೆಂಟ್ ಹೋದ ಕೂಡ್ಲೆ ಶುರು ಆಗ್ತತಿ ಸರ್, ಬಂದ ಕೂಡ್ಲೆ ನಿಲ್ತತಿ. ಇನ್ವರ್ಟರಿಂದೇ ಇದು,” ಎಂದು ಕೊಠಡಿ ನೋಡಿಕೊಳ್ಳುವ ಯುವಕ ಹೇಳಿದರು. ನೋಡಿದವರೆಲ್ಲ ಹಾಗೆಯೇ ಹೇಳಿದ್ದರಿಂದ ನನ್ನನ್ನು ಕರೆಯುವ ಮೊದಲೇ ಹಳೆಯ ಇನ್ವರ್ಟರ್ ತೆಗೆದು ಸೈನ್‌ವೇವ್ ಇನ್ವರ್ಟರ್ ಕೂರಿಸಲಾಗಿತ್ತು, ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಬಿಡಲಾಗಿತ್ತು, ಮೈಕ್ ಕೇಬಲ್‌ಗಳು ಹೊಸದಾಗಿದ್ದವು. ಸದ್ದು ಮಾತ್ರ ಮೊದಲಿನಂತೆಯೇ ಇತ್ತು.

ಇನ್ವರ್ಟರ್ ಮೇಲಿನ ಅನುಮಾನ ಅಸಹಜವೇನಲ್ಲ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರ್‌ಗಳು ಆಡಿಯೊ ಉಪಕರಣಗಳಲ್ಲಿ ಗುಂಯ್‌ಗುಟ್ಟುವ ಸದ್ದು ತರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಸದ್ದಿನ ಸ್ವರೂಪವೇ ಬೇರೆ. ಮುದ್ರಿತ ಟ್ರ್ಯಾಕನ್ನು ಆರ್ಡೌರ್‌ನಲ್ಲಿ ಒಂದೊಂದು ಸ್ಯಾಂಪಲ್, ಎಂದರೆ ಧ್ವನಿಯ ಒಂದೊಂದು ಕ್ಷಣದ ಅಳತೆ, ಕಾಣುವಷ್ಟು ಹಿಗ್ಗಿಸಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ವಿದ್ಯುತ್ತಿನ ಗೋಜಲಾಗಿದ್ದರೆ ಹಾಡಿನ ಅಲೆಯ ಮೇಲೆ ಸೆಕೆಂಡಿಗೆ 50 ಬಾರಿಯ ಏರಿಳಿತ ಹಾಗೂ ಅದರ ಗುಣಕಗಳು ಸವಾರಿ ಮಾಡುತ್ತಿರಬೇಕು, ಅಲೆ ಮಾತ್ರ ಅಖಂಡವಾಗಿರಬೇಕು. ಇಲ್ಲಿ ಹಾಡುವವರ ಧ್ವನಿಯ ನುಣುಪಾದ ಅಲೆ ಏರುತ್ತ ಏರುತ್ತ ಒಂದು ಬಿಂದುವಿನಲ್ಲಿ ತಟ್ಟನೆ ಕತ್ತರಿಸಿ, ಮರುಸ್ಯಾಂಪಲ್‌ನಲ್ಲೇ ಸಂಬಂಧವಿಲ್ಲದ ಇನ್ನೊಂದು ಎತ್ತರದಿಂದ ಮುಂದುವರಿದಿತ್ತು. ನಡುವಿನ ತುಣುಕು ಮಾಯವಾಗಿತ್ತು. ವಿದ್ಯುತ್ ದೋಷ ಧ್ವನಿಗೆ ಏನನ್ನಾದರೂ ಸೇರಿಸುತ್ತದೆಯೇ ಹೊರತು ಹೀಗೆ ಅಂಚು ಹಿಡಿದು ಕತ್ತರಿಸುವುದಿಲ್ಲ. ಕತ್ತರಿಸಿದಂತೆ ಕಂಡರೆ ಕಂಪ್ಯೂಟರ್ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲಿಲ್ಲ ಎಂದೇ ತಿಳಿಯಬೇಕು. ಲಿನಕ್ಸ್ ಆಡಿಯೊದಲ್ಲಿ ಇದಕ್ಕೆ ಎಕ್ಸ್‌ರನ್ ಎನ್ನುತ್ತಾರೆ.

ಕರೆಂಟ್ ಹೋಗುವುದಕ್ಕೂ ಕಂಪ್ಯೂಟರ್ ತಡಮಾಡುವುದಕ್ಕೂ ಇರುವ ನಂಟು ಗೋಡೆಯ ಸ್ವಿಚ್‌ಬೋರ್ಡಿನಲ್ಲೇ ಇತ್ತು. ವೈರಿಂಗ್ ಮಾಡಿದವರು ದೀಪ, ಫ್ಯಾನ್, ರೂಟರ್ ಮತ್ತು ಸ್ಪೀಕರ್‌ಗಳ ಸಾಕೆಟ್‌ಗಳಿಗೆ ಮಾತ್ರ ಇನ್ವರ್ಟರ್ ಲೈನ್ ಕೊಟ್ಟು, ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆಯಲ್ಲ ಎಂದು ಚಾರ್ಜರ್ ಸಾಕೆಟನ್ನು ನೇರ ಲೈನಿನಲ್ಲೇ ಬಿಟ್ಟಿದ್ದರು. ಹೀಗಾಗಿ ಕರೆಂಟ್ ಹೋದ ಕ್ಷಣ ಲ್ಯಾಪ್‌ಟಾಪ್ ಬ್ಯಾಟರಿಗೆ ಬದಲಾಗುತ್ತಿತ್ತು. ಕರೆಂಟ್ ಇರುವಾಗಲೇ ಚಾರ್ಜರ್ ಕಿತ್ತು ನೋಡಿದೆವು. ಅರೆಗಳಿಗೆಯಲ್ಲಿ ಚಟಚಟ ಆರಂಭವಾಯಿತು, ಮತ್ತೆ ಸಿಕ್ಕಿಸಿದಾಗ ನಿಂತಿತು. ಇನ್ವರ್ಟರ್ ಅಷ್ಟಕ್ಕೇ ನಿರ್ದೋಷಿಯಾಯಿತು. ಬ್ಯಾಟರಿ ಹೆಚ್ಚು ಹೊತ್ತು ಬರಲೆಂದು ಯಾರೋ ಟಿಎಲ್‌ಪಿ ಎಂಬ ವಿದ್ಯುತ್ ಉಳಿತಾಯದ ಸಾಫ್ಟ್‌ವೇರ್ ಹಾಕಿ, ಬ್ಯಾಟರಿಯಲ್ಲಿ ಓಡುವಾಗ ಪ್ರೊಸೆಸರಿನ ಟರ್ಬೊ ವೇಗ (ಕೆಲಸ ಹೆಚ್ಚಿದಾಗ ತಾತ್ಕಾಲಿಕವಾಗಿ ಏರುವ ವೇಗ) ಬೇಡ ಎಂಬ ಸಾಲನ್ನು ಅದರ ಸಂರಚನೆಯಲ್ಲಿ ಸೇರಿಸಿದ್ದರು. ಬ್ಯಾಟರಿಗೆ ಬಂದೊಡನೆ ಪ್ರೊಸೆಸರ್ ನಿಧಾನವಾಗುತ್ತಿತ್ತು, ಧ್ವನಿ ಒಡೆಯುತ್ತಿತ್ತು.

ಇಲ್ಲಿಗೆ ಮಾಲೀಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಚಾರ್ಜರನ್ನು ಇನ್ವರ್ಟರ್ ಸಾಕೆಟ್ಟಿಗೆ ಹಾಕಿದರೆ ಮುಗಿಯಿತಲ್ಲವೇ? ಹಾಕಬೇಕು, ಹಾಕಿದೆವು ಕೂಡ. ಆದರೆ ಅಷ್ಟಕ್ಕೇ ನಿಲ್ಲಿಸಲು ನಾನು ಒಪ್ಪಲಿಲ್ಲ. ಸಿಸ್ಟಮ್ ಮಾನಿಟರ್ ತೋರಿಸುತ್ತಿದ್ದ ಪ್ರೊಸೆಸರ್ ಬಳಕೆ, ಬ್ಯಾಟರಿಯಲ್ಲಿ ಧ್ವನಿ ಒಡೆಯುತ್ತಿರುವಾಗಲೂ, ಅರ್ಧಕ್ಕಿಂತ ಸಾಕಷ್ಟು ಕೆಳಗೇ ಇತ್ತು. ಇಷ್ಟು ಬಿಡುವಿರುವ ಯಂತ್ರ ಟರ್ಬೊ ಇಲ್ಲದ ಮಾತ್ರಕ್ಕೆ ಐದು ಅಪ್ಲಿಕೇಶನ್‌ಗಳ ಧ್ವನಿಯನ್ನು ನಿಭಾಯಿಸಲಾರದು ಎಂದರೆ ನಂಬುವ ಮಾತಲ್ಲ. ಇನ್ನೊಂದು ಸೂಚನೆಯೂ ಇತ್ತು. ಬೇಸಿಗೆಯ ಮಧ್ಯಾಹ್ನ ಮುದ್ರಿಸಿದ ಪ್ರಚಾರದ ಕಡತಗಳಲ್ಲಿ ಅಲ್ಲೊಂದು ಇಲ್ಲೊಂದು ಟಿಕ್ ಎನ್ನುವ ಸದ್ದು ಸಿಗುತ್ತಿತ್ತು. ಯುವಕ ಅದನ್ನು ಮಾತನಾಡುವವರ ಬಾಯಿಯ ಸದ್ದೆಂದು ತಿಳಿದು ಕೈಯಾರೆ ಕತ್ತರಿಸಿ ತೆಗೆಯುತ್ತಿದ್ದರು. ಹಿಗ್ಗಿಸಿ ನೋಡಿದರೆ ಅವೂ ಅದೇ ಬಗೆಯ ಕತ್ತರಿಸಿದ ಅಂಚುಗಳು. ಮುದ್ರಿಸುವಾಗ ಎಸಿ, ಫ್ಯಾನ್ ಎರಡನ್ನೂ ನಿಲ್ಲಿಸುತ್ತಾರೆ. ಬಿಸಿಲು ಕಾದ ಮಹಡಿಯ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಬಿಸಿಯೇರಿದರೆ ಕರೆಂಟ್ ಇದ್ದರೂ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ವ್ಯವಸ್ಥೆ ಮೊದಲಿನಿಂದಲೂ ಅಂಚಿನಲ್ಲೇ ನಿಂತಿತ್ತು, ಬ್ಯಾಟರಿ ಅದನ್ನು ತಳ್ಳಿತು ಅಷ್ಟೆ. ಅಂಚಿಗೆ ಕರೆದು ತಂದದ್ದು ಯಾವುದು ಎಂಬುದೇ ಕಂಡುಹಿಡಿಯಬೇಕಾಗಿದ್ದ ಸಂಗತಿ.

ಇದಕ್ಕೆ ಸೌಂಡ್ ಸರ್ವರ್ ಕೆಲಸ ಮಾಡುವ ರೀತಿಯನ್ನು ಕೊಂಚ ನೋಡಬೇಕು. ಲಿನಕ್ಸ್‌ನಲ್ಲಿ ಬಹುಕಾಲ ಎರಡು ದಾರಿಗಳಿದ್ದವು. ಸಂಗೀತದವರು ಬಳಸುತ್ತಿದ್ದ ಜ್ಯಾಕ್, ಆರ್ಡೌರ್ ಬರೆದ ಪಾಲ್ ಡೇವಿಸ್ ಅವರದೇ ಸೃಷ್ಟಿ; ಅದರಲ್ಲಿ ಬಫರಿನ, ಎಂದರೆ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ಧ್ವನಿಯ ತುಣುಕಿನ, ಗಾತ್ರವನ್ನು ಬಳಕೆದಾರರು ಆರಂಭದಲ್ಲಿ ಒಮ್ಮೆ ನಿಗದಿ ಮಾಡಿದರೆ ಎಲ್ಲ ಅಪ್ಲಿಕೇಶನ್‌ಗಳೂ ಅದಕ್ಕೇ ತಲೆಬಾಗಬೇಕಿತ್ತು. ಲೆನಾರ್ಟ್ ಪೋಟರಿಂಗ್ ಅವರ ಪಲ್ಸ್‌ಆಡಿಯೊ ಸಾಮಾನ್ಯ ಡೆಸ್ಕ್‌ಟಾಪ್ ಬಳಕೆಗೆ ಮೀಸಲು; ಅಲ್ಲಿ ಬಫರ್ ಧಾರಾಳವಾಗಿರುತ್ತಿತ್ತು, ತಡವೂ ಹಾಗೆಯೇ. ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ರೂಪಿಸಿದ, 2023ರ ನವೆಂಬರಿನಲ್ಲಿ 1.0 ಆವೃತ್ತಿ ತಲುಪಿದ ಪೈಪ್‌ವೈರ್ ಎರಡೂ ಬಗೆಯ ಅಪ್ಲಿಕೇಶನ್‌ಗಳನ್ನು ಒಂದೇ ಜಾಲದೊಳಗೆ ತಂದಿತು. ಅಪ್ಲಿಕೇಶನ್‌ಗಳು, ಆಡಿಯೊ ಕಾರ್ಡುಗಳು ಈ ಜಾಲದ ಗಂಟುಗಳು, ಎಂದರೆ ನೋಡ್‌ಗಳು. ಜಾಲ ಸುತ್ತು ಸುತ್ತಾಗಿ ಓಡುತ್ತದೆ. ಆಡಿಯೊ ಕಾರ್ಡಿನ, ಎಂದರೆ ಇಲ್ಲಿ ಇಂಟರ್‌ಫೇಸಿನ, ನೋಡ್ ಡ್ರೈವರ್ ಆಗಿ ಪ್ರತಿ ಸುತ್ತನ್ನು ಆರಂಭಿಸುತ್ತದೆ, ಉಳಿದ ನೋಡ್‌ಗಳು ಅದರ ಹಿಂದೆ ತಮ್ಮ ತಮ್ಮ ಪಾಲಿನ ಕೆಲಸ ಮುಗಿಸುತ್ತವೆ, ಮುಂದಿನ ಸುತ್ತು ಆರಂಭವಾಗುವುದರೊಳಗೆ ಎಲ್ಲವೂ ಮುಗಿದಿರಬೇಕು. ಒಂದು ಸುತ್ತಿಗೆ ಎಷ್ಟು ಸ್ಯಾಂಪಲ್ ಎಂಬ ಸಂಖ್ಯೆಗೆ ಕ್ವಾಂಟಮ್ ಎಂದು ಹೆಸರು.

ಈ ಕ್ವಾಂಟಮ್ಮನ್ನು ಪೈಪ್‌ವೈರ್ ಬಳಕೆದಾರರಿಂದ ಕೇಳುವುದಿಲ್ಲ. ಯಾರೂ ಏನೂ ಕೇಳದಿದ್ದರೆ ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 1024ರ ಕ್ವಾಂಟಮ್ ಇಟ್ಟುಕೊಳ್ಳುತ್ತದೆ. ಎಂದರೆ ಒಂದು ಸುತ್ತಿಗೆ 21.33 ಮಿಲಿಸೆಕೆಂಡು. ಯಾವುದಾದರೂ ಅಪ್ಲಿಕೇಶನ್ ತನಗೆ ಇನ್ನೂ ಕಡಿಮೆ ತಡ ಬೇಕೆಂದು ಕೇಳಿದರೆ, ಆ ಡ್ರೈವರಿನ ಹಿಂದೆ ಓಡುತ್ತಿರುವವುಗಳಲ್ಲಿ ಅತಿ ಕಡಿಮೆ ಕೇಳಿದ್ದು ಯಾವುದೋ ಅದರ ಮಾತೇ ಎಲ್ಲಕ್ಕೂ ಅನ್ವಯಿಸುತ್ತದೆ. ಪಂಕ್ತಿಯಲ್ಲಿ ಕೂತ ಒಬ್ಬನಿಗೆ ಬಸ್ಸಿನ ಅವಸರವೆಂದು ಇಡೀ ಪಂಕ್ತಿಗೆ ಓಡೋಡಿ ಬಡಿಸಿದಂತೆ. ಜ್ಯಾಕ್ ಬಳಸಿ ಪಳಗಿದವರು ಮೊದಲು ಎಡವುವುದು ಇಲ್ಲಿಯೇ, ಏಕೆಂದರೆ ತಾವು ನಿಗದಿ ಮಾಡದ ಸಂಖ್ಯೆಯೊಂದು ತಮ್ಮ ಕಣ್ಣಿಗೆ ಬೀಳದೆ ಬದಲಾಗುತ್ತದೆಂದು ಅವರು ನಿರೀಕ್ಷಿಸಿರುವುದಿಲ್ಲ.

ಆ ಸಂಖ್ಯೆಯನ್ನು ಕಣ್ಣಿಗೆ ಕಾಣಿಸುವ ಸಾಧನ ಪಿಡಬ್ಲ್ಯೂ-ಟಾಪ್. ಟರ್ಮಿನಲ್ಲಿನಲ್ಲಿ ಓಡುವ ಈ ಪುಟ್ಟ ಸಾಧನ ಪೈಪ್‌ವೈರ್ ಜೊತೆಗೇ ಬರುತ್ತದೆ, ಪ್ರತಿ ನೋಡಿಗೂ ಒಂದೊಂದು ಸಾಲು ತೋರಿಸುತ್ತದೆ. ಡ್ರೈವರಿನ ಸಾಲು ಮೇಲೆ, ಅದನ್ನು ಹಿಂಬಾಲಿಸುವ ನೋಡ್‌ಗಳು ಕೂಡುವ ಚಿಹ್ನೆಯೊಂದಿಗೆ ಕೆಳಗೆ. ಕಂಬಸಾಲುಗಳಲ್ಲಿ ಕ್ವಾಂಟಮ್ ಮತ್ತು ದರ, ಕಾಯ್ದ ಹೊತ್ತು, ಕೆಲಸ ಮಾಡಿದ ಹೊತ್ತು, ಈ ಎರಡು ಹೊತ್ತುಗಳೂ ಸುತ್ತಿನ ಅವಧಿಯ ಎಷ್ಟು ಪಾಲು ಎಂಬ ಅನುಪಾತಗಳು, ಕೊನೆಗೆ ಎಕ್ಸ್‌ರನ್‌ನಂಥ ತಪ್ಪುಗಳ ಲೆಕ್ಕ. ಓದುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಹಿಂಬಾಲಿಸುವ ನೋಡಿನ ಸಾಲಿನಲ್ಲಿ ಕಾಯ್ದ ಹೊತ್ತೆಂದರೆ ಸರದಿ ಬಂದ ಮೇಲೂ ಪ್ರೊಸೆಸರ್ ಸಿಗದೆ ಕಳೆದ ಹೊತ್ತು, ಡ್ರೈವರಿನ ಸಾಲಿನಲ್ಲಿ ಅದೇ ಅಂಕಿ ಇಡೀ ಜಾಲ ಒಂದು ಸುತ್ತು ಮುಗಿಸಲು ಹಿಡಿದ ಹೊತ್ತು. ಆದ್ದರಿಂದ ಸೌಂಡ್ ಸರ್ವರ್ ಮೇಲಿನ ನಿಜವಾದ ಹೊರೆ ತಿಳಿಯಬೇಕಾದರೆ ನೋಡಬೇಕಾದದ್ದು ಡ್ರೈವರಿನ ಸಾಲಿನ ಕಾಯುವ ಅನುಪಾತವನ್ನು. ಅದು 1ನ್ನು ಮುಟ್ಟಿತೆಂದರೆ ಧ್ವನಿ ಒಡೆದಂತೆಯೇ. ಸಿಸ್ಟಮ್ ಮಾನಿಟರಿನ ಶೇಕಡಾವಾರು ಬಳಕೆಗೂ ಇದಕ್ಕೂ ನೇರ ಸಂಬಂಧವಿಲ್ಲ. ಒಂದು ಸೆಕೆಂಡಿನಲ್ಲಿ ಪ್ರೊಸೆಸರ್ ಮುಕ್ಕಾಲು ಪಾಲು ಖಾಲಿ ಕೂತಿದ್ದರೂ, ಬೇಕಾದ ಒಂದು ಮಿಲಿಸೆಕೆಂಡಿನಲ್ಲಿ ಅದು ಕೈಗೆ ಸಿಗದಿದ್ದರೆ ಆ ಬಿಡುವು ಧ್ವನಿಯ ಪಾಲಿಗೆ ಇಲ್ಲದಂತೆಯೇ.

ಕೊಠಡಿಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಅಪ್ಲಿಕೇಶನ್‌ಗಳನ್ನೂ ತೆರೆದು, ಪ್ರಸಾರದ ದಿನದಂತೆಯೇ ಜೋಡಿಸಿ ಪಿಡಬ್ಲ್ಯೂ-ಟಾಪ್ ಓಡಿಸಿದಾಗ ಇಂಟರ್‌ಫೇಸಿನ ಸಾಲಿನಲ್ಲಿ ಕಂಡ ಕ್ವಾಂಟಮ್ 64. ಅಂದರೆ ಒಂದು ಸುತ್ತಿಗೆ 1.33 ಮಿಲಿಸೆಕೆಂಡು, ಸೆಕೆಂಡಿಗೆ 750 ಸುತ್ತು. ಚಾರ್ಜರ್ ಇದ್ದಾಗ ಡ್ರೈವರಿನ ಅನುಪಾತ ಸುಮಾರು 0.6ರಿಂದ 0.75ರ ನಡುವೆ ಆಡುತ್ತಿತ್ತು, ತಪ್ಪುಗಳ ಲೆಕ್ಕ ಬಹಳ ನಿಧಾನವಾಗಿ ಏರುತ್ತಿತ್ತು; ಆ ಟಿಕ್ ಸದ್ದುಗಳು ಇವೇ. ಚಾರ್ಜರ್ ಕಿತ್ತಾಗ ಅನುಪಾತ 0.9 ದಾಟಿ ಪದೇ ಪದೇ 1ನ್ನು ಮೀರಿತು, ತಪ್ಪುಗಳ ಅಂಕಿ ನೋಡನೋಡುತ್ತಲೇ ಮೇಲೇರಿತು.

64 ಕೇಳಿದ್ದು ಯಾರು? ಹಿಂಬಾಲಿಸುವ ಸಾಲುಗಳ ಕ್ವಾಂಟಮ್ ಕಂಬಸಾಲಿನಲ್ಲಿ ಆಯಾ ಅಪ್ಲಿಕೇಶನ್ ತಾನು ಕೇಳಿಕೊಂಡ ಸಂಖ್ಯೆ ಇರುತ್ತದೆ, ಏನೂ ಕೇಳದಿದ್ದರೆ ಸೊನ್ನೆ. ಆರ್ಡೌರ್ 256 ಕೇಳಿತ್ತು. ಒಬಿಎಸ್ ಮತ್ತು ಬ್ರೌಸರ್ ಅದಕ್ಕಿಂತ ದೊಡ್ಡ ಸಂಖ್ಯೆಗಳಲ್ಲಿ ತೃಪ್ತವಾಗಿದ್ದವು. 64ರ ಮುಂದೆ ಇದ್ದದ್ದು ತಂಬೂರಿಯ ಸಿಂಥಸೈಸರ್! ಹಿಂದೊಮ್ಮೆ ಕೀಬೋರ್ಡ್ ವಾದಕರೊಬ್ಬರು ಹಾಡಿನ ಮುದ್ರಣಕ್ಕೆ ಬಂದಿದ್ದಾಗ ಅದೇ ಸಿಂಥಸೈಸರನ್ನು ಕೀಬೋರ್ಡಿಗೆ ಜೋಡಿಸಿ ನುಡಿಸಿದ್ದರು. ಬೆರಳು ಒತ್ತಿದೊಡನೆ ಸ್ವರ ಕೇಳಬೇಕೆಂದು ಅದನ್ನು ತೆರೆಯುವ ಐಕಾನಿನ ಆಜ್ಞೆಯಲ್ಲೇ 64 ಸ್ಯಾಂಪಲ್‌ಗಳ ತಡವನ್ನು ಬರೆದಿಟ್ಟಿದ್ದರು. ಕೀಬೋರ್ಡ್ ನುಡಿಸುವವರಿಗೆ ಅದು ಸರಿಯಾದ ಆಯ್ಕೆಯೇ. ಅವರು ಹೋದ ಮೇಲೆ ಅದೇ ಐಕಾನ್ ಶ್ರುತಿಗೆ ಬಳಕೆಯಾಗತೊಡಗಿತು. ಗಂಟೆಗಟ್ಟಲೆ ಒಂದೇ ಸಮನೆ ಮೊಳಗುವ, ಅರ್ಧ ಸೆಕೆಂಡು ತಡವಾಗಿ ಬಂದರೂ ಯಾರಿಗೂ ಗೊತ್ತಾಗದ ತಂಬೂರಿಯೇ ಇಡೀ ಕೊಠಡಿಯಲ್ಲಿ ಎಲ್ಲಕ್ಕಿಂತ ಅವಸರದ ವಾದ್ಯವಾಗಿ ಕೂತಿತ್ತು. ಅದರ ಕಿಟಕಿಯನ್ನು ಕೆಳಗಿಳಿಸಿದರೂ, ಧ್ವನಿ ಮಟ್ಟವನ್ನು ಪೂರ್ತಿ ತಗ್ಗಿಸಿದರೂ ನೋಡ್ ಓಡುತ್ತಲೇ ಇರುವುದರಿಂದ ಆ ಬೇಡಿಕೆ ಜಾರಿಯಲ್ಲಿರುತ್ತದೆ.

64ರಲ್ಲಿ ಓಡಿದರೂ ಇಷ್ಟು ಅಪ್ಲಿಕೇಶನ್‌ಗಳು ಬ್ಯಾಟರಿಯಲ್ಲಿ ಹೇಗೋ ತೂಗಿಸಬಹುದಿತ್ತೇನೋ. ಗದ್ದಲ ತಗ್ಗಿಸುವ ಫಿಲ್ಟರ್ ಅದಕ್ಕೆ ಅವಕಾಶ ಕೊಡಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇದು. ಫಿಲ್ಟರಿನ ಒಳಗಿರುವುದು ಆರ್‌ಎನ್‌ನಾಯ್ಸ್, ಜಾನ್-ಮಾರ್ಕ್ ವ್ಯಾಲಿನ್ 2017ರಲ್ಲಿ ಬಿಡುಗಡೆ ಮಾಡಿದ, ನರಜಾಲ ಬಳಸಿ ಮಾತನ್ನೂ ಗದ್ದಲವನ್ನೂ ಬೇರ್ಪಡಿಸುವ ತಂತ್ರಾಂಶ. ಅದು ಧ್ವನಿಯನ್ನು 480 ಸ್ಯಾಂಪಲ್‌ಗಳ, ಅಂದರೆ 10 ಮಿಲಿಸೆಕೆಂಡಿನ ತುಣುಕುಗಳಾಗಿಯೇ ನೋಡುತ್ತದೆ. ಕ್ವಾಂಟಮ್ 64 ಇದ್ದಾಗ ಅದು ಆರೇಳು ಸುತ್ತು ಏನೂ ಮಾಡದೆ ಸ್ಯಾಂಪಲ್‌ಗಳನ್ನು ಕೂಡಿಟ್ಟುಕೊಂಡು, ಏಳನೆಯದೋ ಎಂಟನೆಯದೋ ಸುತ್ತಿನಲ್ಲಿ 10 ಮಿಲಿಸೆಕೆಂಡಿನ ಕೆಲಸವನ್ನೆಲ್ಲ 1.33 ಮಿಲಿಸೆಕೆಂಡಿನ ಸುತ್ತಿನೊಳಗೆ ತುರುಕುತ್ತದೆ. ಒಟ್ಟು ಕೆಲಸ ಹೆಚ್ಚಿಲ್ಲ, ಒಂದೇ ಕಡೆ ಗುಡ್ಡೆ ಬೀಳುತ್ತದೆ. ಪಿಡಬ್ಲ್ಯೂ-ಟಾಪ್ ಸೆಕೆಂಡಿಗೊಮ್ಮೆ ಮಾತ್ರ ಪರದೆ ಬದಲಿಸುವುದರಿಂದ 750 ಸುತ್ತುಗಳಲ್ಲಿ ಒಂದರ ಅಂಕಿ ಅಷ್ಟೇ ನಮಗೆ ಕಾಣುತ್ತದೆ. ಫಿಲ್ಟರಿನ ಕೆಲಸದ ಹೊತ್ತು ಹೆಚ್ಚಿನ ಸಲ ಅತ್ಯಲ್ಪವೆಂದು ತೋರಿಸಿ, ನಡುವೆ ಒಮ್ಮೊಮ್ಮೆ ಹತ್ತಾರು ಪಟ್ಟು ಜಿಗಿದು ಮತ್ತೆ ಇಳಿಯುತ್ತಿದ್ದುದಕ್ಕೆ ಕಾರಣ ಇದೇ. ಪರದೆಯನ್ನು ಒಮ್ಮೆ ನೋಡಿ ಹೋಗುವವರಿಗೆ ಫಿಲ್ಟರ್ ಬಡಪಾಯಿಯಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಆ ಒಂದೇ ಸಾಲಿನ ಮೇಲೆ ಕಣ್ಣಿಟ್ಟು ಕೂರಬೇಕು.

ಪರಿಹಾರಕ್ಕೆ ಬರುವ ಮೊದಲು ಊಹೆಯನ್ನು ಖಚಿತಪಡಿಸಿಕೊಳ್ಳಲು ಪಿಡಬ್ಲ್ಯೂ-ಮೆಟಾಡೇಟಾ ಆಜ್ಞೆಯಿಂದ ಕ್ವಾಂಟಮ್ಮನ್ನು ಬಲವಂತವಾಗಿ 512ಕ್ಕೆ ಏರಿಸಿದೆವು. ಚಾರ್ಜರ್ ಇಲ್ಲದೆಯೇ ಡ್ರೈವರಿನ ಅನುಪಾತ ಸುಮಾರು 0.2ಕ್ಕೆ ಇಳಿಯಿತು, ತಪ್ಪುಗಳ ಲೆಕ್ಕ ನಿಂತಿತು. 512ರ ಸುತ್ತಿಗೆ 10.67 ಮಿಲಿಸೆಕೆಂಡು ಸಿಗುವುದರಿಂದ ಆರ್‌ಎನ್‌ನಾಯ್ಸ್‌ನ ಒಂದು ತುಣುಕು ಪ್ರತಿ ಸುತ್ತಿನಲ್ಲೂ ಸಲೀಸಾಗಿ ಕೂರುತ್ತದೆ, ಅಪರೂಪಕ್ಕೆ ಎರಡು ಬಂದರೂ ತೊಂದರೆಯಿಲ್ಲ. ಈ ಬಲವಂತದ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಿದರೆ ಮೊದಲಿನ ಸ್ಥಿತಿ ಮರಳುತ್ತದೆ, ಸರ್ವರ್ ಮರುಚಾಲನೆಯಾದರೆ ತಾನಾಗಿಯೇ ಅಳಿಸಿಹೋಗುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಶಾಶ್ವತ ಪರಿಹಾರವಾಗಿ ಮಾತ್ರ ನಾನು ಇದನ್ನು ಒಪ್ಪುವುದಿಲ್ಲ; ಬಲವಂತ ಮಾಡಿದರೆ ಕಡಿಮೆ ತಡ ನಿಜವಾಗಿಯೂ ಬೇಕಾದ ಕೆಲಸಕ್ಕೂ ಅದು ಸಿಗದೆ ಹೋಗುತ್ತದೆ.

ಶಾಶ್ವತವಾಗಿ ಮಾಡಿದ್ದು ಇಷ್ಟು. ಸಿಂಥಸೈಸರಿಗೆ ಎರಡು ಐಕಾನ್‌ಗಳಾದವು: “ಶ್ರುತಿ” ಎಂಬುದರಲ್ಲಿ ಯಾವ ಬೇಡಿಕೆಯೂ ಇಲ್ಲ, “ಕೀಬೋರ್ಡ್” ಎಂಬುದರಲ್ಲಿ 128 ಉಳಿಸಿಕೊಂಡೆವು, ಗದ್ದಲದ ಫಿಲ್ಟರ್ ಮತ್ತು ಒಬಿಎಸ್ ಮುಚ್ಚಿರುವಾಗ ಮಾತ್ರ ಅದನ್ನು ತೆರೆಯಬೇಕೆಂಬ ಕಟ್ಟಳೆಯೊಂದಿಗೆ. ಆರ್ಡೌರ್‌ನ 256 ಯಾರದೋ ಹಳೆಯ ಅಭ್ಯಾಸದ ಸಂಖ್ಯೆ. ಅದನ್ನು 512ಕ್ಕೆ ಏರಿಸಲಾಯಿತು. ಹಾಡುವವರಿಗೆ ತಮ್ಮ ಧ್ವನಿ ತಡವಾಗಿ ಕೇಳುವುದಿಲ್ಲವೇ ಎಂಬ ಆತಂಕಕ್ಕೆ ಉತ್ತರ ಇಂಟರ್‌ಫೇಸಿನಲ್ಲೇ ಇತ್ತು: ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಕಳಿಸದೆ ನೇರವಾಗಿ ಹೆಡ್‌ಫೋನಿಗೆ ಕೊಡುವ ಗುಂಡಿಯನ್ನು ತಿರುಗಿಸಿ, ಆರ್ಡೌರ್‌ನಿಂದ ಮರಳಿ ಬರುವ ಅದೇ ಧ್ವನಿಯನ್ನು ಹೆಡ್‌ಫೋನಿಗೆ ಮುಚ್ಚಿದೆವು. ಇದರಲ್ಲಿ ಕ್ವಾಂಟಮ್ ಎಷ್ಟಿದ್ದರೂ ತಡ ಗೊತ್ತಾಗುವುದಿಲ್ಲ. ಇದಲ್ಲದೆ, ಪ್ರಸಾರ ಆರಂಭಿಸುವ ಸ್ಕ್ರಿಪ್ಟಿನಲ್ಲಿ ಕನಿಷ್ಠ ಕ್ವಾಂಟಮ್ಮನ್ನು 256ಕ್ಕೆ ಏರಿಸುವ, ಮುಗಿಸುವ ಸ್ಕ್ರಿಪ್ಟಿನಲ್ಲಿ ಅದನ್ನು ಮೂಲಸ್ಥಿತಿಯ 32ಕ್ಕೆ ಇಳಿಸುವ ಸಾಲು ಸೇರಿಸಿದೆವು. ನಾಳೆ ಇನ್ನಾವುದೋ ಅಪ್ಲಿಕೇಶನ್ ಅವಸರದಿಂದ ಬಂದರೂ ಪ್ರಸಾರದ ಹೊತ್ತಿನಲ್ಲಿ ಅದರ ಮಾತು 256ರ ಕೆಳಗೆ ನಡೆಯುವುದಿಲ್ಲ.

ಟಿಎಲ್‌ಪಿಯನ್ನು ತೆಗೆಯೋಣವೇ ಎಂದು ಯುವಕ ಕೇಳಿದರು. ಬೇಡವೆಂದೆ. ಅನುಪಾತ 0.2 ಇರುವಾಗ ಟರ್ಬೊ ಇಲ್ಲದಿದ್ದರೆ ಧ್ವನಿಗೆ ನಷ್ಟವಿಲ್ಲ, ಇನ್ವರ್ಟರ್ ಕೈಕೊಟ್ಟ ದಿನ ಬ್ಯಾಟರಿ ಹೆಚ್ಚು ಹೊತ್ತು ಬರುವ ಲಾಭವಿದೆ. ಧ್ವನಿ ಒಡೆದರೆ ಮೊದಲು ರಿಯಲ್‌ಟೈಮ್ ಕರ್ನಲ್ (ಕೆಲಸಗಳು ಹೊತ್ತಿಗೆ ಸರಿಯಾಗಿ ಓಡುವಂತೆ ನೋಡಿಕೊಳ್ಳುವ ಲಿನಕ್ಸ್‌ನ ತಿರುಳು) ಹುಡುಕುವ ಚಾಳಿಯೂ ನಮ್ಮಲ್ಲಿದೆ. ಆ ಬೆಂಬಲ 2024ರಲ್ಲಿ 6.12 ಆವೃತ್ತಿಯೊಂದಿಗೆ ಮುಖ್ಯ ಕರ್ನಲ್ಲಿನೊಳಗೇ ಬಂದಿದೆ, ನಿಜ. ಆದರೆ ಇಲ್ಲಿ ಸರ್ವರಿನ ಆಡಿಯೊ ಎಳೆಗಳಿಗೆ, ಅಂದರೆ ಧ್ವನಿಯ ಕೆಲಸ ಮಾಡುವ ಭಾಗಗಳಿಗೆ, ಆರ್‌ಟಿಕಿಟ್ ಎಂಬ ಸೇವೆಯ ಮೂಲಕ ರಿಯಲ್‌ಟೈಮ್ ಆದ್ಯತೆ ಮೊದಲೇ ಸಿಕ್ಕಿತ್ತು, ಹಿಂಬಾಲಿಸುವ ನೋಡ್‌ಗಳ ಕಾಯುವ ಹೊತ್ತುಗಳು ಚಿಕ್ಕದಾಗಿಯೇ ಇದ್ದವು. ಕಾಯುವಿಕೆ ಹೆಚ್ಚಿದ್ದರೆ ಕರ್ನಲ್ ಮೇಲೆ, ಆದ್ಯತೆಯ ಮೇಲೆ ಕಣ್ಣಿಡಬೇಕು. ಕೆಲಸದ ಹೊತ್ತೇ ಹೆಚ್ಚಿದ್ದರೆ ಕರ್ನಲ್ ಬದಲಿಸಿ ಪ್ರಯೋಜನವಿಲ್ಲ.

ನಿಗಾ ಇಡುವ ವ್ಯವಸ್ಥೆಯನ್ನು ಕೊನೆಗೆ ಮಾಡಿದೆವು. ಪ್ರಸಾರದ ಸ್ಕ್ರಿಪ್ಟ್ ಪಿಡಬ್ಲ್ಯೂ-ಟಾಪನ್ನು ಬ್ಯಾಚ್ ರೀತಿಯಲ್ಲಿ ಓಡಿಸಿ, ಇಂಟರ್‌ಫೇಸಿನ ಸಾಲನ್ನು ಮಾತ್ರ ಸಮಯದೊಂದಿಗೆ ಒಂದು ಕಡತಕ್ಕೆ ಬರೆಯುತ್ತದೆ. ತಪ್ಪುಗಳ ಅಂಕಿ ಆರಂಭದಿಂದ ಕೂಡುತ್ತ ಹೋಗುವಂಥದ್ದಾದ್ದರಿಂದ ಅದು ಎಷ್ಟಿದೆ ಎಂಬುದಕ್ಕಿಂತ ಯಾವ ಕ್ಷಣದಲ್ಲಿ ಏರಿತು ಎಂಬುದು ಮುಖ್ಯ. ಹೊಸ ಅಪ್ಲಿಕೇಶನ್ ಸೇರುವಾಗ, ಬಿಡುವಾಗ ಒಂದೆರಡು ಏರಿದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಅದೇ ಕಡತದಲ್ಲಿ ಕ್ವಾಂಟಮ್ ಬದಲಾದ ಕ್ಷಣವೂ ದಾಖಲಾಗುವುದರಿಂದ, ಕೀಬೋರ್ಡಿನ ಐಕಾನನ್ನು ಯಾರಾದರೂ ಮರೆತು ತೆರೆದರೆ (ಅದು 128 ಕೇಳಿದರೂ ಕನಿಷ್ಠ ಮಿತಿಯಿಂದಾಗಿ) 512 ಇದ್ದದ್ದು 256 ಆದುದು ತಕ್ಷಣ ಕಾಣುತ್ತದೆ.

ಆಮೇಲೆ ನಡೆದ ಪ್ರಸಾರವೊಂದರಲ್ಲಿ ಕರೆಂಟ್ ಹೋಯಿತು. ಕೊಠಡಿಯ ಧ್ವನಿಗೆ ಏನೂ ಆಗಲಿಲ್ಲ, ಚಿತ್ರದುರ್ಗದ ಅತಿಥಿಯ ಮಾತು ಮಾತ್ರ ಕೆಲವು ಕ್ಷಣ ಹರಿದು ಹರಿದು ಬಂತು. ಕಡತದಲ್ಲಿ ಆ ಹೊತ್ತಿನ ತಪ್ಪುಗಳ ಅಂಕಿ ಒಂದೂ ಏರಿರಲಿಲ್ಲ, ಅನುಪಾತವೂ ಕದಲಿರಲಿಲ್ಲ. ಸರ್ವರಿಗೆ ತಲುಪುವ ಮೊದಲೇ ಧ್ವನಿ ಹಾಳಾಗಿತ್ತೆಂದು ಇದರಿಂದ ಖಚಿತವಾಯಿತು. ವಿಚಾರಿಸಿದಾಗ ಅವರ ಬಡಾವಣೆಯಲ್ಲೂ ಅದೇ ಹೊತ್ತಿಗೆ ಕರೆಂಟ್ ಹೋಗಿ, ರೂಟರ್ ಆರಿ, ಅವರ ಫೋನ್ ವೈಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾಗಿತ್ತೆಂದು ತಿಳಿಯಿತು. ರೂಟರಿಗೆ ಸಿಗುವ ಪುಟ್ಟ ಯುಪಿಎಸ್ ಒಂದನ್ನು ಅವರೂ ತರಿಸಿಕೊಂಡಿದ್ದಾರೆ.